ಚೀಟಿಯಲ್ಲಿ ಇಬ್ಬರು

...ಇಲ್ಲ ಅತ್ತಿಗೆ, ನಾನೇನೂ ಮುಚ್ಚಿಡ್ತಿಲ್ಲ! ನೀವೇ ನೋಡಿ. ನಿನ್ನೆ ಬೆಳಿಗ್ಗೆ ಚಿಯೂ ಮಾವನ ದೋಣಿ ಹೊರಟಾಗ ನಾನೇ ಬರೆದ ಚೀಟಿ ಇದು. ಬಂದರಿನ ಗುಮಾಸ್ತ ಅಂದ್ಮೇಲೆ ಪ್ರತಿ ದೋಣಿಗೂ ಬರೀಬೇಕಲ್ಲ, ಯಾರ ದೋಣಿ, ಎಷ್ಟು ಜನ ಅಂತ. ಇಲ್ಲಿ ಏನಿದೆ? ಇಬ್ಬರು. ದ್ವೀಪದ ಹತ್ತಿರ ದೋಣಿ ಮಗುಚಿತು, ಹುಡುಕೋಕೆ ಹೋದೋರಿಗೆ ಇಬ್ಬರು ಸಿಕ್ಕರು. ಚಿಯೂ ಮಾವ ಹೆಣವಾಗಿ, ಅವರ ಆಳು ಪ್ರಜ್ಞೆಯಿಲ್ಲದೆ, ಅವನಿಗೆ ಇನ್ನೂ ಎಚ್ಚರ ಬಂದಿಲ್ಲ. ಚೀಟಿಗೂ ಅದಕ್ಕೂ ತಾಳೆಯಾಯ್ತು, ಹುಡುಕೋದು ನಿಲ್ಲಿಸಿದ್ರು. ಮಾವ್‌ಶೆಂಗ್ ಅಣ್ಣ, ನಿಮ್ಮ ಯಜಮಾನ್ರು, ಅದರಲ್ಲಿ ಹೋಗೇ ಇಲ್ಲ. ರಾತ್ರಿ ಮನೆಗೆ ಬರಲಿಲ್ಲ ಅಂದ್ರೆ... ಫೂಚೌ ಪೇಟೆಗೆ ಹೋಗಿರ್ತಾರೆ. ಬರ್ತಾರೆ ಬಿಡಿ.

ಯಾಕೆ ಹಾಗೆ ನೋಡ್ತೀರಿ? ತಿದ್ದಿದ್ದೀನಿ ಅಂತಾನಾ? ಅಯ್ಯೋ, ತಿದ್ದೋಕೇ ಆಗಲ್ಲ! ನಮ್ಮ ಚೀನೀ ಬರಹದ ದಿನಬಳಕೆ ಅಕ್ಷರದಲ್ಲಿ ಒಂದಕ್ಕೆ ಒಂದು ಗೀಟು, ಎರಡಕ್ಕೆ ಎರಡು, ಮೂರಕ್ಕೆ ಮೂರು. ಯಾವ ಕಳ್ಳ ಬೇಕಾದ್ರೂ ಗೀಟೆಳೆದು ಎರಡನ್ನ ಮೂರು ಮಾಡಬಹುದು. ಅದಕ್ಕೇ ಸರ್ಕಾರಿ ಕಾಗದದಲ್ಲಿ ಅಂಕಿಗಳಿಗೆ ದೊಡ್ಡಕ್ಷರ, ನೋಡಿ, ಗೀಟಿನ ಮೇಲೆ ಗೀಟು, ಗಂಟು ಗಂಟಾಗಿದೆ. ಒಮ್ಮೆ ಬರೆದ್ರೆ ಮುಗೀತು. ಈ ದಡದಲ್ಲಿ ಅದನ್ನ ತಪ್ಪದೆ ಬರೆಯೋನು ನಾನೊಬ್ಬನೇ. ಬೇರೆಯೋರ ಹಾಗೆ ನಾನೂ ಬರೀ ಗೀಟು ಎಳೆದಿದ್ರೆ, ಕೊನೇ ಗಳಿಗೇಲಿ ಇನ್ನೊಂದು ಗೀಟು ಎಳೆದು...

ಏನು? ಏನೂ ಇಲ್ಲ. ಸುಮ್ನೆ ಮಾತಿಗೆ ಅಂದೆ. ಬನ್ನಿ, ಇಲ್ಲೊಂದು ಹೆಬ್ಬೆಟ್ಟು ಒತ್ತಿ. 'ನನ್ನ ಗಂಡ ದೋಣಿಯಲ್ಲಿ ಇರಲಿಲ್ಲ' ಅಂತ ಬರೆದಿದೀನಿ, ಅಷ್ಟೇ. ಇಲ್ಲಿ... ಇಲ್ಲಿ ಅತ್ತಿಗೆ.

ಬೈಯಿರಿ ನನ್ನನ್ನ! ಅಳಿ, ಕೂಗಾಡಿ! ಹೀಗೆ ಹೆಬ್ಬೆಟ್ಟು ಒತ್ತದೆ ಕಾಗದ ಹಿಂದಕ್ಕೆ ತಳ್ಳಿದ್ರೆ ನಾನೇನು ಮಾಡ್ಲಿ?

...ಅಣ್ಣ ಓಡಿ ಬಂದ್ರು. ಹೌದು, ಓಡಿ ಬಂದ್ರು! ಹಗ್ಗ ಬಿಚ್ಚಿ ಆಗಿತ್ತು, ಹಾರಿ ಹತ್ತಿದ್ರು. "ಲೋ ಝುವೋ, ನನ್ನನ್ನ ಮೀನಿನ ಲೆಕ್ಕಕ್ಕೆ ಸೇರಿಸ್ಕೊಳ್ಳೋ" ಅಂತ ನಕ್ರು. ನಾನೂ ನಕ್ಕೆ, ಅತ್ತಿಗೆ... ನಾನೂ ನಕ್ಕೆ. ಚೀಟಿಗೆ ಮುದ್ರೆ ಬಿದ್ದಾಗಿತ್ತು. ಹೊಸದು ಬರೆದ್ರೆ ಬಂದರಿನ ಸಾಹೇಬ್ರ ಮುದ್ರೆ ಮತ್ತೆ ಬೇಕು, ಅವರು ಮದುವೆ ಊಟಕ್ಕೆ ಹೋಗಿದ್ರು. ಸಂಜೆಗೆ ವಾಪಸ್ ಬರೋರು ತಾನೇ, ಯಾರು ಎಣಿಸ್ತಾರೆ ಅಂದ್ಕೊಂಡೆ. ಇಬ್ಬರು ಸಿಕ್ಕಿದ್ರು ಅಂದಾಗಲಾದ್ರೂ ಹೇಳಬೇಕಿತ್ತು. ಕೆಲಸ ಹೋಗುತ್ತೆ, ಜೈಲಾಗುತ್ತೆ ಅಂತ... ಈ ಚೀಟೀನೇ ಅವರ ಮುಂದೆ ಹಿಡಿದೆ.

ಏನಿದು? ಫೋನ್ ಯಾಕೆ ನನ್ನ ಮುಂದೆ ತಳ್ತಿದ್ದೀರಿ?

...ಇನ್ನೂ ಬೆಳಕಿದೆ, ಅಲ್ವಾ? ದ್ವೀಪದ ಆಚೆ ಬಂಡೆಗಳಿವೆ. ಅಣ್ಣ ಅವನ್ನ ಹಿಡ್ಕೊಂಡಿದ್ರೂ ಹಿಡ್ಕೊಂಡಿರಬಹುದು. ಕೊಡಿ, ನಾನೇ ನಂಬರ್ ತಿರುಗಿಸ್ತೀನಿ...

ಹಲೋ! ಕಡಲ ಕಾವಲಿನವರಾ? ಚಿಯೂ ಮಾವನ ದೋಣಿ... ಹ್ಞೂ, ಮಗುಚಿದ್ದೇ. ಹುಡುಕೋಕೆ ಮತ್ತೆ ಜನ ಕಳಿಸಿ, ಈಗಲೇ ಕಳಿಸಿ! ಇಬ್ಬರಲ್ಲ ಸ್ವಾಮಿ, ಮೂವರು. ಇಲ್ಲ, ಚೀಟಿ ಸುಳ್ಳು. ...ಯಾರು ಹೇಳಿದ್ದಾ?

ಯಾರೂ ಹೇಳಲಿಲ್ಲ. ನಾನೇ ನೋಡಿದ್ದೆ.