ಹಗಲಲ್ಲಿ ಹೊಡೆದ ಔಷಧಿ

ನಾನು ಇಬ್ತಿಸಾಮ್, ಗಂಡ ಶಾಕಿರ್ ಝ್ವಾರಿ, ವಯಸ್ಸು 24, ಇಂಗ್ಲಿಷ್ ಶಿಕ್ಷಕಿ, ವಾಸ ಐನ್ ಸಫ್ಸಾಫ್ ಗ್ರಾಮ, ನಾಬುಲ್ ಪ್ರಾಂತ್ಯ, ಟುನೀಶಿಯ. ಸ್ವಂತ ಇಚ್ಛೆಯಿಂದ ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ,

ನನಗೆ ಮದುವೆಯಾಗಿ ಐದು ದಿನವಾಯಿತು. ಗಂಡನ ಮನೆಯವರು ಜೇನು ಸಾಕುತ್ತಾರೆ. ಪೆಟ್ಟಿಗೆಗಳು ನೆರೆಯ ತಿಜಾನಿ ಅವರ ಕಿತ್ತಳೆ ತೋಟದ ಬೇಲಿಯಿಂದ ಮೂವತ್ತು ಮೀಟರ್ ದೂರದಲ್ಲಿವೆ. ಈ ವರ್ಷ ಮಳೆಯಿಲ್ಲದೆ ಗುಡ್ಡದ ರೋಸ್ಮರಿ ಹೂ ಬಿಡಲಿಲ್ಲ. ಗೂಡುಗಳಿಗೆ ನುಸಿಯೂ ಬಿದ್ದಿತ್ತು. ಸೊರಗಿದ ಜೇನುಗಳಿಗೆ ಕಿತ್ತಳೆ ಹೂವೊಂದೇ ಆಸರೆ ಎಂದು ಶಾಕಿರ್ ಮದುವೆಗೆ ಮೊದಲು ಫೋನಿನಲ್ಲಿ ದಿನವೂ ಹೇಳುತ್ತಿದ್ದರು. ಬೇರೆ ಮಾತು ಕಡಿಮೆ. ನನಗೆ ಅದೇ ತುಂಬಾ ಇಷ್ಟವಾಯಿತು.

ತಿಜಾನಿ ಅವರು ಕಿತ್ತಳೆ ಗಿಡದ ಹೇನಿಗೆ ಔಷಧಿ ಹೊಡೆಯುವುದು ಯಾವಾಗಲೂ ಸೂರ್ಯ ಮುಳುಗಿ ಜೇನುಗಳು ಗೂಡು ಸೇರಿದ ಮೇಲೆ. ಮೊದಲೇ ಬೇಲಿಯ ಬಳಿ ಬಂದು ಕೂಗುತ್ತಾರೆ. ನಮ್ಮವರು ಪೆಟ್ಟಿಗೆಗಳ ಬಾಯಿ ಮುಚ್ಚುತ್ತಾರೆ.

ಶನಿವಾರ ಸಂಜೆ 6 ಗಂಟೆಗೆ ನನ್ನ ಮೆರವಣಿಗೆ ಹೊರಟಿತು. ಇಲ್ಲಿನ ವಾಡಿಕೆಯಂತೆ ಮದುಮಗಳ ಮುಂದೆ ಧೂಪದ ಕುಂಡ ಹಿಡಿಯಬೇಕಾದವರು ಗಂಡನ ಪಕ್ಕದ ಮನೆಯವರು. ತಿಜಾನಿ ಅವರು ಬಂದಾಗ ತಲೆ ಒದ್ದೆಯಾಗಿತ್ತು, ಅತ್ತರಿನ ಅಡಿಯಲ್ಲಿ ಔಷಧಿಯ ವಾಸನೆಯಿತ್ತು. ನನ್ನ ಕೈಗೆ ಹೂಬಿಟ್ಟ ಒಂದು ಕಿತ್ತಳೆ ಕೊಂಬೆ ಕೊಟ್ಟು, "ಹೆದರ್ಬೇಡ ಮಗಳೇ, ಔಷಧಿ ಹೊಡೆಯೋಕೆ ಮುಂಚೆನೇ ಮುರಿದಿಟ್ಟಿದ್ದು. ನಾಳೆ ಗಾಳಿಯಂತೆ, ಹೊಡೆಯೋಕಾಗಲ್ಲ. ಇವತ್ತು ಸಂಜೆ ಹೊಡೀತಾ ಕೂತ್ರೆ ನಿನ್ನ ಮುಂದೆ ಧೂಪ ಹಿಡಿಯೋರ್ಯಾರು, ನಿಮ್ಮ ಮಾವನ ಕತ್ತೆನಾ? ಅದಕ್ಕೇ ಬೆಳಿಗ್ಗೆನೇ ಮುಗಿಸ್ಬಿಟ್ಟೆ" ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಶನಿವಾರ ಮದುವೆಯ ಗದ್ದಲದಲ್ಲಿ ಯಾರೂ ಪೆಟ್ಟಿಗೆಗಳ ಕಡೆ ಹೋಗಿರಲಿಲ್ಲ. ಭಾನುವಾರ ಬೆಳಿಗ್ಗೆ 7ಕ್ಕೆ ನೋಡಿದಾಗ ಅವುಗಳ ಮುಂದೆ ಜೇನುಗಳು ರಾಶಿಯಾಗಿ ಬಿದ್ದಿದ್ದವು. ಕೆಲವು ನಡುಗುತ್ತಿದ್ದವು. ಒಂದನ್ನು ಎತ್ತಿಕೊಂಡೆ. ಅದು ನನ್ನ ಮದರಂಗಿ ಅಂಗೈಯ ಮೇಲೆ ಸುತ್ತುತ್ತ ಸುತ್ತುತ್ತ ಸತ್ತಿತು. ಮಾವನವರು, "ಹಳೇ ಬಾವಿ ನೀರಿನ ಜಗಳದ ಸೇಡು ಕಣೋ ಇದು, ಬೇಕಂತ್ಲೇ ಕೊಂದಿದಾನೆ" ಎಂದು ಕೂಗಿ, ಅಂದೇ ಇದೇ ಠಾಣೆಯಲ್ಲಿ ದೂರು ಕೊಟ್ಟರು.

ತಿಜಾನಿ ಅವರನ್ನು ಠಾಣೆಗೆ ಎರಡು ಸಲ ಕರೆಸಿದರೂ ಅವರು ಏನನ್ನೂ ಹೇಳಲಿಲ್ಲವೆಂದು ತಿಳಿದು, ನಿನ್ನೆ ಸಂಜೆ ಬೇಲಿಯ ಬಳಿ ಹೋಗಿ ಕಾರಣ ಕೇಳಿದೆ. ಶನಿವಾರ ಬೆಳಿಗ್ಗೆಯೂ ಕೂಗಿದ್ದಾಗಿಯೂ, ನಮ್ಮ ಮನೆಯ ಮದುವೆ ಡೋಲಿನ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲವೆಂದೂ ತಿಳಿಸಿದರು. ಆಮೇಲೆ, "ಸುಮ್ನಿರು ಮಗಳೇ. ಮದುವೆಗೋಸ್ಕರ ಹಗಲಲ್ಲಿ ಹೊಡೆದೆ ಅಂದ್ರೆ ಊರೋರು ಹೊಸ ಸೊಸೆ ಕಾಲ್ಗುಣ ಅಂತಾರೆ. ಸೇಡು ಅಂತ್ಲೇ ಇರ್ಲಿ, ನಂಗೇನು, ಮುದುಕ" ಎಂದರು.

ಹಗಲಲ್ಲಿ ಹೂವಿಗೆ ಔಷಧಿ ಹೊಡೆದದ್ದು ತಪ್ಪು, ಅದನ್ನು ದಾಖಲಿಸಬೇಕು. ಅವರು ಸೇಡಿಗಾಗಿ ಹೊಡೆಯಲಿಲ್ಲ, ಅದನ್ನೂ ದಾಖಲಿಸಬೇಕು. ಕಾಲ್ಗುಣ ಎನ್ನುವವರು ಅನ್ನಲಿ. ಶಾಕಿರ್ ಠಾಣೆಯ ಹೊರಗೆ ಕಾಯುತ್ತಿದ್ದಾರೆ, ಅವರಿಗೆ ಎಲ್ಲವನ್ನೂ ಹೇಳಿಯೇ ಬಂದಿದ್ದೇನೆ.

ಆ ಕೊಂಬೆ ನಮ್ಮ ಕೋಣೆಯ ಕಿಟಕಿಯಲ್ಲಿ ನೀರಿನ ಬಾಟಲಿಯಲ್ಲಿದೆ. ಪರೀಕ್ಷೆಗೆ ಬೇಕಾದರೆ ಕೊಡುತ್ತೇನೆ, ಹಿಂತಿರುಗಿಸಬೇಕು. ಇಂದು ಬೆಳಿಗ್ಗೆ ಉಳಿದ ಜೇನುಗಳಲ್ಲಿ ಒಂದು ಅದರ ಮೇಲೆ ಬಂದು ಕೂತು, ಹೂವೊಳಗೆ ಮುಖವಿಟ್ಟು, ನೆಟ್ಟಗೆ ಹಾರಿ ಹೋಯಿತು.

ಮೇಲಿನದನ್ನು ಓದಿಸಿ ಕೇಳಿದ್ದೇನೆ. ನಾನು ಕಂಡು ಕೇಳಿದಷ್ಟೇ ಇದೆ, ಎಲ್ಲವೂ ನಿಜ.

ಸ್ಥಳ: ಐನ್ ಸಫ್ಸಾಫ್ ಠಾಣೆ
ದಿನಾಂಕ: ಏಪ್ರಿಲ್ 17, ಗುರುವಾರ
ಸಹಿ: ಇಬ್ತಿಸಾಮ್ ಝ್ವಾರಿ