ಒಂಬತ್ತನೇ ಮಹಡಿಗೆ ನೆರೆ ವಿಮೆ

ಅಮೆರಿಕದ ಕರಾವಳಿ ನಗರ ಟ್ಯಾಂಪಾದ ಬ್ಯಾಂಕೊಂದರಲ್ಲಿ ಸರದಿಗಾಗಿ ಕಾಯುತ್ತಿದ್ದಾಗ, ಪಕ್ಕದ ಕುರ್ಚಿಗಳಲ್ಲಿದ್ದ ಇಬ್ಬರು ಹಿರಿಯರ ನಡುವೆ ನಡೆದ ಮಾತನ್ನು ಕೇಳಿದಂತೆಯೇ ಇಲ್ಲಿ ದಾಖಲಿಸಿದ್ದೇನೆ. ವರ್ನಾ ಎಂಬಾಕೆ ತಮ್ಮ ಫ್ಲ್ಯಾಟನ್ನು ಮಾರಿ ತಂಗಿಯ ಊರಿಗೆ ಹೋಗಲು ಹೊರಟಿದ್ದರು. ಕೊಳ್ಳುವವರಿಗೆ ಬ್ಯಾಂಕು ಸಾಲವನ್ನು ನಿರಾಕರಿಸಿತ್ತು. ಜೊತೆಗಿದ್ದ ಲೈಲ್, ಆಕೆಯ ಪಕ್ಕದ ಮನೆಯವರು; ಕಟ್ಟಡದ ನಿವಾಸಿಗಳ ಸಂಘದ ಅಧ್ಯಕ್ಷರೂ ಹೌದು.

"ಅಧ್ಯಕ್ಷರೇ, ಕಟ್ಟಡದ ನೆರೆ ವಿಮೆ ನಿಲ್ಲಿಸಿದ ಮಹಾನುಭಾವರು ಯಾರು?"

"ಸಂಘ ಕಣಮ್ಮ. ಎಲ್ಲರೂ ಕೈ ಎತ್ತಿದ್ರು. ನೀವೂ ಎತ್ತಿದ್ರಿ."

"ನಾನು ಎತ್ತಿದ್ದು ಏಸಿ ಕಮ್ಮಿ ಮಾಡಿ ಅನ್ನೋಕೆ!"

"ನಮ್ದು ಒಂಬತ್ತನೇ ಮಹಡಿ, ವರ್ನಾ. ನೀರು ಹೇಗೆ ಬರುತ್ತೆ? ಲಿಫ್ಟ್ ಹತ್ತಿಕೊಂಡಾ?"

"ಈ ಜೋಕು ಬ್ಯಾಂಕಿನವರಿಗೂ ಹೇಳಿದೆ. ನಗಲಿಲ್ಲ. ಕೆಳಗಿನ ಮಹಡಿ ಕೊಚ್ಚಿಹೋದ್ರೆ ಒಂಬತ್ತನೇದು ಯಾವುದರ ಮೇಲೆ ನಿಲ್ಲುತ್ತೆ ಅಂದ್ರು."

"ನಿಮ್ಮ ಮನೆಗೆ ಬೇರೆ ವಿಮೆ ಮಾಡಿಸಿಕೊಳ್ಳಿ."

"ಮಾಡಿಸಿದ್ದೀನಿ. ಅದು ಸಾಲದು, ಇಡೀ ಕಟ್ಟಡಕ್ಕೇ ಬೇಕಂತೆ. ಇಲ್ಲದಿದ್ರೆ ಕೊಳ್ಳೋರಿಗೆ ಸಾಲ ಕೊಡಲ್ವಂತೆ."

"ಬರೋ ವರ್ಷದ ಸಭೇಲಿ ನೋಡೋಣ."

"ನೋಡಿ, ನಿಧಾನಕ್ಕೆ ನೋಡಿ. ಅಲ್ಲೀವರೆಗೂ ಬೆಳಗ್ಗೆ ಬೆಳಗ್ಗೆ ಗೋಡೆಯಾಚೆ ನಾನು ಅಕಾರ್ಡಿಯನ್ ನುಡಿಸೋದನ್ನ ಕೇಳ್ತಾ ಇರಿ."

ಲೈಲ್ ಜೇಬಿನಿಂದ ಡೈರಿ ತೆಗೆದರು.

"ಮುಂದಿನ ವಾರವೇ ಸಭೆ ಕರೀಲಾ?"

ಅಷ್ಟರಲ್ಲಿ ಒಳಗಿನಿಂದ ವರ್ನಾ ಅವರ ಹೆಸರನ್ನು ಕೂಗಿದರು. ಇಬ್ಬರೂ ಎದ್ದರು. ಬಾಗಿಲ ಬಳಿ ಆಕೆ ಹೇಳಿದ್ದಷ್ಟೇ ನನಗೆ ಕೇಳಿಸಿತು:

"ನಿಮ್ಮಿಷ್ಟ, ಅಧ್ಯಕ್ಷರೇ. ನೆರೆ ಬಂದ್ರೆ ತಾನಾಗೇ ಇಳಿದು ಹೋಗುತ್ತೆ. ನೆರೆಯವಳು ಹೋಗಬೇಕಾದ್ರೆ ಮಾತ್ರ ವಿಮೆ ಬೇಕು."