ಜೋಲಾನಿಗೆ ಅಂತ ಹಿಡಿದಿಟ್ಟ ಸೀಟು

ಕರೆಂಟು ಈಗ ಬರಲ್ಲ ಬಿಡ್ರೋ. ಬಾಗಿಲು ಹಾಕಿ, ಇತ್ಲಾಗೆ ಬನ್ನಿ. ಆ ಮೊಬೈಲ್ ಲೈಟೂ ಆರಿಸಿ... ಹ್ಞಾಂ. ಹೇಳ್ತೀನಿ. ಆದ್ರೆ ನಡುವೆ ಯಾರಾದ್ರೂ ನಕ್ಕರೆ ಅಲ್ಲಿಗೇ ನಿಲ್ಲಿಸ್ತೀನಿ. ಇದು ಅವರಿವರ ಬಾಯಲ್ಲಿ ಕೇಳಿದ್ದಲ್ಲ, ನಮ್ಮ ದೊಡ್ಡಮ್ಮನ ಮಗ ಫೇಲೊ ಅಣ್ಣನಿಗೆ ಆಗಿದ್ದು. ವ್ಯಾನ್ ಓಡಿಸ್ತಿದ್ದೋನೇ ಅವನು. ಸುಳ್ಳಾದ್ರೆ ನನ್ನ ನಾಲಿಗೆ ಬಿದ್ದುಹೋಗ್ಲಿ.

ಕಡಲ ದಂಡೆ ಟೂರಿನ ವ್ಯಾನು ಗೊತ್ತಲ್ಲ? ಎಂಟು ಜನ ಕೂರೋದು. ಬೆಳಿಗ್ಗೆ ಹತ್ತಿಸ್ಕೊಂಡು ಹೋಗಿ ಬಂಡೆ, ಜಲಪಾತ, ಹೊಳೆಬಾಯಿ ಎಲ್ಲ ತೋರಿಸಿ, ಮಧ್ಯಾಹ್ನ ಬಂಡೆಗಂಟಿದ ಚಿಪ್ಪುಮೀನು ಬೇಯಿಸಿ ತಿನ್ನಿಸಿ, ಸಂಜೆಗೆ ವಾಪಸ್. ಡ್ರೈವರೂ ಅಣ್ಣನೇ, ಗೈಡೂ ಅವನೇ.

ಒಂದು ಸಂಜೆ ಅಣ್ಣ ವ್ಯಾನನ್ನ ಅಂಗಡಿ ಹತ್ರ ನಿಲ್ಲಿಸಿ ನಡ್ಕೊಂಡು ಮನೆಗೆ ಬರ್ತಿದ್ದಾನೆ. ಆ ನೀರಿನ ಬುಗ್ಗೆ ಪಕ್ಕ ದೊಡ್ಡ ಅತ್ತಿಮರ ಇದೆಯಲ್ಲ, ಅಲ್ಲಿ. ಕತ್ತಲಾಗ್ತಾ ಇತ್ತು. ಗಾಳಿ ಇಲ್ಲ. ಆದ್ರೂ ಎಲೆ ಸರ್... ಸರ್... ಅಂತಿದೆ. ಬುಗ್ಗೆ ನೀರು ಗುಳುಂ ಗುಳುಂ.

"ಫೇಲೊ..."

ಪಿಸುದನಿ. ಅಣ್ಣ ನಿಂತೇಬಿಟ್ಟ.

"ಫೇಲೊ... ನಾನು ಕಣೋ."

ನೋಡಿದ್ರೆ ಮಾಂಭೇಲೆ ಅವ್ವ! ಜೋಲಾನಿಯ ತಾಯಿ. ಬಕೆಟ್ ಬೋರಲು ಹಾಕ್ಕೊಂಡು ಅದರ ಮೇಲೆ ಕೂತಿದ್ದಾಳೆ. ತೊಡೆ ಮೇಲೆ ಏನೋ ಕಂಬಳಿ ಸುತ್ತಿದ್ದು.

"ಅಯ್ಯೋ ಅವ್ವಾ! ಪ್ರಾಣ ಹೋಯ್ತು ನಂದು!"

"ಪ್ರಾಣ ಹೋಗಿದ್ದು ನನ್ನ ಮಗನದ್ದು. ನಿಂದು ಇನ್ನೂ ಗಟ್ಟಿಯಾಗೇ ಇದೆ. ಕೂತ್ಕೋ."

ಕಂಬಳಿ ಬಿಚ್ಚಿದ್ಲು. ಒಳಗೆ ಉಂಫಾಫಾ ಮುಳ್ಳುಮರದ ಕೊಂಬೆ. ಆ ಮುಳ್ಳು ನೋಡಿದೀರಲ್ಲ, ಜೋಡಿ ಜೋಡಿಯಾಗಿರುತ್ತೆ, ಒಂದು ನೆಟ್ಟಗೆ ಮುಂದಕ್ಕೆ, ಇನ್ನೊಂದು ಕೊಕ್ಕೆ ಥರ ಹಿಂದಕ್ಕೆ. ಅಣ್ಣನಿಗೆ ಅರ್ಥ ಆಗಿಹೋಯ್ತು. ಮನೆಯಿಂದ ದೂರ ಸತ್ತವನ ಹೆಣ ತಂದು ಮಣ್ಣು ಮಾಡಿದ್ರೂ ಆತ್ಮ ಸತ್ತ ಜಾಗದಲ್ಲೇ ಉಳಿದಿರುತ್ತೆ, ಹಾಗೇ ಅಲ್ಲೇ ಬಿಡೋಕಾಗುತ್ತಾ? ಮನೆಯೋರು ಸತ್ತ ಜಾಗಕ್ಕೇ ಹೋಗಿ, ಕೊಂಬೆ ನೆಲಕ್ಕೆ ಮುಟ್ಟಿಸಿ, 'ಬಾ, ಮನೆಗೆ ಹೋಗೋಣ' ಅಂತ ಕರೀಬೇಕು. ಕರೆದ ಮೇಲೆ ಅವನು ಕೊಂಬೆ ಹಿಡ್ಕೊಂಡೇ ಬರ್ತಾನೆ. ಬಸ್ಸಲ್ಲಿ ಬಂದ್ರೆ ಅವನಿಗೂ ಒಂದು ಸೀಟು ಬಿಡ್ಬೇಕು. ಹೊಳೆ ದಾಟಿದ್ರೆ ಹೊಳೆ ಬಂತು ಅನ್ಬೇಕು, ತಿರುವಲ್ಲಿ ತಿರುಗ್ತಿದೀವಿ ಅನ್ಬೇಕು, ಇಲ್ಲಾಂದ್ರೆ ದಾರಿ ತಪ್ತಾನೆ. ಕೊಂಬೆ ಹಿಡಿದೋರು ಮನೆ ಮುಟ್ಟೋವರೆಗೂ ಅವನೊಬ್ಬನ ಹತ್ರ ಮಾತಾಡ್ಬೇಕು. ಬೇರೆ ಯಾರ ಹತ್ರನೂ ಒಂದಕ್ಷರ ಇಲ್ಲ. ಮಾತಾಡಿದ್ರೋ... ಕೈ ಬಿಟ್ಟಂಗೇ.

"ದಿನಾ ಕನಸಲ್ಲಿ ಬರ್ತಾನೆ ಕಣೋ," ಅಂದ್ಲು ಅವ್ವ. "ಅಂಗಳದ ಆಚೆ ನಿಂತಿರ್ತಾನೆ. ಮೈಯೆಲ್ಲ ನೀರು. ಒಳಗೆ ಬಾರೋ ಅಂದ್ರೆ ದಾರಿ ಗೊತ್ತಾಗ್ತಿಲ್ಲ ಅವ್ವ ಅಂತಾನೆ. ನಾಳೆ ನಿನ್ನ ವ್ಯಾನಲ್ಲಿ ಎಷ್ಟು ಜನ?"

"ಆರು."

"ಹಂಗಾದ್ರೆ ಎರಡು ಖಾಲಿ. ಹೋಗ್ತಾ ನಂಗೊಂದು. ಬರ್ತಾ ನಮ್ಮಿಬ್ಬರಿಗೂ."

"ಅವ್ವಾ... ಮಲುಸಿಗೆ ಗೊತ್ತಾದ್ರೆ ನನ್ನ ಕೆಲಸ ಹೋಗುತ್ತೆ."

ಅವ್ವ ಕೊಂಬೆಗೆ ಮತ್ತೆ ಕಂಬಳಿ ಸುತ್ತಿದ್ಲು. ಆಮೇಲೆ ಅವನ ಮುಖ ನೋಡಿದ್ಲು. ಅಣ್ಣ ತಲೆ ತಗ್ಗಿಸಿ, "ಬೆಳಿಗ್ಗೆ ಬೇಗ ಬಾ" ಅಂದ.

ಮಲುಸಿ ಅಂದ್ರೆ ಟೂರಿನ ಯಜಮಾನ. ಹೊರಗಿನವನಲ್ಲ ನೋಡಿ, ನಮ್ಮವನೇ, ನಮ್ಮದೇ ಭಾಷೆ, ಮ್ತಾತಾ ಪೇಟೇಲಿ ಬೆಳೆದೋನು. ಅದಕ್ಕೇ ನಂಗೆ ಇನ್ನೂ ಮೈ ಉರಿಯೋದು! ಜೋಲಾನಿ ಅವನ ಹತ್ರಾನೇ ಗೈಡಾಗಿದ್ದ. ಎರಡು ಚಳಿಗಾಲದ ಹಿಂದೆ ತೊಟ್ಟಿಲು ಬಂಡೆ ಹತ್ರ ಅಲೆ ಎಳ್ಕೊಂಡು ಹೋಯ್ತು. ಅವತ್ತು ಜೊತೆಗಿದ್ದ ಟೂರಿಸ್ಟುಗಳು ಮಾರನೇ ದಿನ ವಿಮಾನ ಹತ್ತಿಬಿಟ್ರು. ಕಣ್ಣಾರೆ ನೋಡಿದೋರಲ್ಲಿ ಉಳಿದಿದ್ದು ಮಲುಸಿ ಒಬ್ಬನೇ. ಅವನು ಮಣ್ಣಿಗೆ ಬಂದು, ತಾಯಿ ಎದುರು ನಿಂತು ಏನಂದ ಗೊತ್ತಾ? "ಕುಡಿದಿದ್ದ. ಜಾರಿದ."

ಕುಡಿದಿದ್ದನಂತೆ! ಜೋಲಾನಿ! ಜಿಯೋನ್ ಚರ್ಚಿನವನು ರೀ ಅವನು, ಆ ಸಭೆಯೋರು ಕುಡಿಯಂಗೇ ಇಲ್ಲ, ಎದೆ ಮೇಲೆ ಅವರ ನಕ್ಷತ್ರದ ಬಿಲ್ಲೆ. ಮದುವೆ ಮನೇಲಿ ಬಿಯರ್ ಡಬ್ಬಿ ಸುತ್ತು ಬಂದ್ರೆ ಮೂಸಿ ಕೂಡ ನೋಡದೆ ಪಕ್ಕದವನಿಗೆ ದಾಟಿಸ್ತಿದ್ದ. ನಾವೆಲ್ಲ ರೇಗಿಸ್ತಿದ್ವಿ, "ಏನಪ್ಪಾ ಪಾದ್ರಿ, ಮೂಗು ಮುಚ್ಕೊಂಡಾದ್ರೂ ಒಂದು ಗುಟುಕು ಹಾಕು" ಅಂತ. ಅಂಥವನಿಗೆ... ಹೋಗ್ಲಿ. ಹೇಳ್ತೀನಿ.

ಆ ಬಂಡೆಗೆ ಹೋಗೋ ದಾರಿಗೆ ಗೇಟು ಇದೆ. ಬೀಗದ ಕೈ ಟೂರಿನವರ ಹತ್ರ ಮಾತ್ರ. ಅವ್ವ ಎಷ್ಟು ಸಲ ಕೇಳಿದ್ಲು! "ಟೂರಿಸ್ಟುಗಳ ಮುಂದೆ ಗೋಳಾಟ ಬೇಡ ಅಮ್ಮ, ಹೆಸರು ಕೆಡುತ್ತೆ" ಅಂದ ಆ ಪುಣ್ಯಾತ್ಮ.

ಸರಿ, ಮಾರನೇ ದಿನ. ಹಾಡಹಗಲು. ಬಿಸಿಲು ಅಂದ್ರೆ ಬಿಸಿಲು. ಟೂರಿಸ್ಟುಗಳು ಆರು ಜನ... ಐದು ಜನ ಜರ್ಮನಿಯೋರು, ಇನ್ನೊಬ್ಬಳು ಜೋಬರ್ಗ್‌ನ ನರ್ಸು, ಖೇತಿವೆ ಅಂತ. ಜುಲು ಹುಡುಗಿ, ನಮ್ಮ ಮಾತು ಪೂರ್ತಿ ಅರ್ಥ ಆಗುತ್ತೆ. ಅವಳು ಕೊಂಬೆ ನೋಡಿದ ತಕ್ಷಣ ಎದ್ದು ಅವ್ವನಿಗೆ ಕಿಟಕಿ ಸೀಟು ಬಿಟ್ಟುಕೊಟ್ಲಂತೆ. ಒಂದು ಪ್ರಶ್ನೆ ಇಲ್ಲ. ಮನುಷ್ಯತ್ವ ಅಂದ್ರೆ ಅದು.

ತೊಟ್ಟಿಲು ಬಂಡೆ. ಜರ್ಮನಿಯೋರೆಲ್ಲ ಫೋಟೋ ತಗೊಳ್ತಿದ್ದಾರೆ. ಕೆಳಗೆ ಬಂಡೆ ಬಿರುಕಲ್ಲಿ ನೀರು ನುಗ್ಗಿ ಗುಡುಂ... ಸ್ಸ್ಸ್... ಗುಡುಂ... ಸ್ಸ್ಸ್. ಅವ್ವ ಅಂಚಿಗೆ ಹೋಗಿ ಮಂಡಿಯೂರಿ, ಕೊಂಬೆ ಕಲ್ಲಿಗೆ ಮುಟ್ಟಿಸಿದ್ಲು. ಮಗನ ಹೆಸರು, ಕುಲದ ಹೆಸರು, ಅಜ್ಜ ಮುತ್ತಜ್ಜರ ಹೆಸರು ಎಲ್ಲ ಹೇಳಿ, "ಬಾ ಮಗಾ. ಇಲ್ಲಿ ಚಳಿ. ಮನೆಗೆ ಹೋಗೋಣ" ಅಂದ್ಲು.

ಗುಡುಂ ಸದ್ದು ನಿಂತುಹೋಯ್ತು.

ಅಲೆ ಬರ್ತಾನೇ ಇದೆ. ಬಂಡೆಗೆ ಬಡೀತಾನೇ ಇದೆ. ಸದ್ದು ಮಾತ್ರ ಇಲ್ಲ... ಅಣ್ಣ ಕಿವಿಗೆ ಬೆರಳು ಹಾಕಿ ನೋಡ್ಕೊಂಡನಂತೆ. ಅವ್ವ ಎದ್ದು ತಿರುಗಿ ವ್ಯಾನಿನ ಕಡೆ ಹೆಜ್ಜೆ ಇಟ್ಟ ಮೇಲೆ ಮತ್ತೆ ಶುರುವಾಯ್ತು. ಗುಡುಂ... ಸ್ಸ್ಸ್.

ಅವ್ವ ಹತ್ತಿದ್ಲು. ಪಕ್ಕದ ಸೀಟಿನ ಕಡೆ ಕೈ ತೋರಿಸಿ, "ಕೂತ್ಕೋ ಮಗಾ" ಅಂದ್ಲು. ಅಣ್ಣ ಬಾಗಿಲು ಎಳೀಬೇಕು... ಅಷ್ಟರಲ್ಲಿ ಯಾರು ಬರ್ತಿದ್ದಾರೆ ಹೇಳಿ? ಮಲುಸಿ! ಊಟದ ಪಾತ್ರೆ ತಗೊಂಡು ಪಿಕಪ್‌ನಲ್ಲಿ ಮೊದಲೇ ಬಂದಿದ್ದ, ಅದು ಮರಳಲ್ಲಿ ಹೂತುಹೋಗಿದೆ. ಬೂಟು ತುಂಬ ಮರಳು, ಮುಖ ತುಂಬ ಸಿಟ್ಟು. ಅವ್ವನ್ನ ನೋಡಿದ. ಕೊಂಬೆ ನೋಡಿದ.

"ಏನೋ ಇದು ಫೇಲೊ? ನನ್ನ ವ್ಯಾನಲ್ಲಿ?"

"ಬಾಸ್... ಆ ಸೀಟು ಬೇಡ. ನೀವು ಮುಂದೆ ಬನ್ನಿ, ನನ್ನ ಪಕ್ಕ, ಐಸ್ ಪೆಟ್ಟಿಗೆ ಮೇಲೆ..."

"ಐಸ್ ಪೆಟ್ಟಿಗೆ ಮೇಲೆ? ನಾನು? ಸತ್ತೋರಿಗೆ ಸೀಟು, ಬದುಕಿರೋ ಯಜಮಾನನಿಗೆ ಡಬ್ಬ?"

ಅವನಿಗೆ ಗೊತ್ತಿರಲಿಲ್ಲ ಅಂದ್ಕೋಬೇಡಿ! ಆ ಜರ್ಮನಿಯೋರಿಗೆ ಗೊತ್ತಿಲ್ಲ ಅಂದ್ರೆ ಸರಿ. ಇವನ ಅಪ್ಪನನ್ನೇ ಗಣಿಯಿಂದ ಹೀಗೇ ಕೊಂಬೆ ಹಿಡಿದು ಕರ್ಕೊಂಡು ಬಂದಿದ್ರು. ಗೊತ್ತಿದ್ದೂ ಗೊತ್ತಿದ್ದೂ ಹೋಗಿ ಧಪ್ ಅಂತ ಕೂತ. ಬೆಲ್ಟ್ ಹಾಕ್ಕೊಂಡ. ಟಕ್.

ಅವ್ವ ಏನು ಮಾಡ್ತಾಳೆ? ಮಾತಾಡಂಗಿಲ್ಲ! 'ಏಳು' ಅನ್ನಂಗಿಲ್ಲ, ಬೈಯಂಗಿಲ್ಲ. ಮಾತಾಡಿದ್ರೆ ಮಗ ಇಲ್ಲೇ ಉಳೀತಾನೆ. ಅದೂ ಅವನಿಗೆ ಗೊತ್ತು! ಅದಕ್ಕೇ ನಗ್ತಾ ಕೂತಿದ್ದ ಅಂತಾನೆ ಫೇಲೊ ಅಣ್ಣ. ಅವ್ವ ಕೊಂಬೆ ಬಿಗಿಯಾಗಿ ಹಿಡಿದಿದ್ದಾಳೆ, ಮುಳ್ಳು ಚುಚ್ಚಿ ಬೆರಳಲ್ಲಿ ರಕ್ತ. ಅಣ್ಣನಿಗೆ ಸ್ಟೇರಿಂಗ್ ಕಿತ್ತು ಅವನ ತಲೆಗೆ ಹೊಡೆಯೋಣ ಅನ್ನಿಸ್ತಂತೆ.

ಆಗ ಅವ್ವ ಕೊಂಬೆ ಕಡೆ ಬಗ್ಗಿದ್ಲು. ಮೆಲ್ಲಗೆ, ಆದ್ರೆ ಎಲ್ಲರಿಗೂ ಕೇಳಂಗೆ...

"ಜೋಲಾನಿ. ನಿನ್ನ ತೊಡೆ ಮೇಲೆ ಒಬ್ಬ ಕೂತಿದ್ದಾನೆ ಮಗಾ. ನಿಂಗೆ ಗೊತ್ತಿರೋನೇ. ನಿನ್ನ ಮಣ್ಣಿನ ದಿನ ಬಂದು, ನೀನು ಕುಡಿದಿದ್ದೆ ಅಂದೋನು."

ಖೇತಿವೆ "ಅಯ್ಯೋ" ಅಂತ ಬಾಯಿ ಮುಚ್ಕೊಂಡ್ಲು. ಹಿಂದಿನ ಸೀಟಿನ ಮುದುಕ ಮೊಬೈಲ್ ಎತ್ತಿ ವಿಡಿಯೋ ಮಾಡ್ತಾ, "ತುಂಬಾ ಚೆನ್ನಾಗಿದೆ, ಇದು ಪ್ರತಿ ಟೂರಲ್ಲೂ ಇರುತ್ತಾ?" ಅಂತ ಕೇಳ್ದ.

ವ್ಯಾನು ಹೊರಡ್ತು. ಮೊದಲನೇ ಹೊಳೆ.

"ಸಣ್ಣ ಹೊಳೆ ದಾಟ್ತಿದೀವಿ, ಜೋಲಾನಿ."

"ಹೂಂ."

ಗಂಡಸಿನ ದನಿ. ಮಲುಸಿ ಅಣಕಿಸ್ತಿದ್ದಾನೆ ಅಂದ್ಕೊಂಡ ಅಣ್ಣ. ಹಲ್ಲು ಕಚ್ಚಿದ. ಗುಡ್ಡ ಹತ್ತಿದ್ರು.

"ಎಡಕ್ಕೆ ತಿರುಗ್ತಿದೀವಿ, ಮಗಾ."

"ಹೂಂ, ಅವ್ವ."

ಅಣ್ಣ ಕನ್ನಡಿ ನೋಡ್ದ. ಮಲುಸಿ ಎರಡೂ ಕೈಯಲ್ಲಿ ತನ್ನ ಬಾಯಿ ಮುಚ್ಕೊಂಡಿದ್ದಾನೆ! ಕಣ್ಣು ಹಿಂಗೆ ಹೊರಗೆ ಬಂದಿದೆ. ಮುಖ ಬೂದಿ. ಅವನ ಪ್ಯಾಂಟಿಂದ ನೀರು... ಪಟ್... ಪಟ್... ಪಟ್... ಅಂತ ನೆಲಕ್ಕೆ.

"ನಿಲ್ಸು," ಅಂದ. "ಫೇಲೊ, ನಿಲ್ಸೋ!"

ಅಣ್ಣ ಬ್ರೇಕ್ ಹಾಕ್ದ. ಮಲುಸಿ ಬೆಲ್ಟಿನ ಗುಂಡಿ ಒತ್ತಿದ. ಬಿಡ್ಲಿಲ್ಲ. ಖೇತಿವೆ ಬಂದು ಒತ್ತಿದ್ಲು. ಬಿಡ್ಲಿಲ್ಲ. ಅವನ ಮಣಿಕಟ್ಟು ಹಿಡಿದವಳೇ ತಟ್ಟನೆ ಕೈ ಎಳ್ಕೊಂಡ್ಲು. "ಶವಾಗಾರದಲ್ಲಿ ಮುಟ್ಟಿದೀನಲ್ಲ," ಅಂದ್ಲಂತೆ ಆಮೇಲೆ ಅಣ್ಣನಿಗೆ, "ಅಷ್ಟು ತಣ್ಣಗಿತ್ತು."

"ಅಮ್ಮಾ," ಮಲುಸಿ ಅವ್ವನ ಕಡೆ ತಿರುಗ್ದ, "ಅಮ್ಮಾ, ಬಿಡೋಕೆ ಹೇಳಮ್ಮಾ!"

ಅವ್ವ ಅವನನ್ನ ನೋಡ್ಲೇ ಇಲ್ಲ. ಅವನ ಹತ್ರ ಮಾತಾಡಂಗಿಲ್ಲವಲ್ಲ! ಕೊಂಬೆಗೇ ಹೇಳಿದ್ಲು.

"ಜೋಲಾನಿ, ಆ ದಿನ ನೀನು ಬಂಡೆ ಕೆಳಗೆ ಯಾಕಿಳಿದೆ ಅಂತ ನಂಗೆ ಯಾರೂ ಹೇಳ್ಲಿಲ್ಲ. ನಿನ್ನ ತೊಡೆ ಮೇಲಿರೋನಿಗೆ ಗೊತ್ತು. ಕೇಳು ಮಗಾ. ಗಟ್ಟಿಯಾಗಿ ಹಿಡ್ಕೊಂಡು ಕೇಳು."

ಬೆಲ್ಟು ಬಿಗಿಯಾಯ್ತು. ಕಿರ್ರ್... ಕಿರ್ರ್... ಹಲ್ಲು ಕಟಕಟ ಅಂತಿದೆ ಮಲುಸಿಗೆ.

"ಟೋಪಿ," ಅಂದ.

ಯಾರಿಗೂ ಅರ್ಥ ಆಗ್ಲಿಲ್ಲ.

"ಟೋಪಿ... ಒಬ್ಬ ಹೆಂಗಸಿನ ಟೋಪಿ ಹಾರಿ ಕೆಳಗಿನ ಬಂಡೆ ಮೇಲೆ ಬಿತ್ತು. ನಾನೇ... ನಾನೇ ಇಳಿ ಅಂದೆ. ಅವನು ಅಲೆ ದೊಡ್ಡದಿದೆ ಬಾಸ್ ಅಂದ. ನಾನು... ಕೆಲಸ ಬೇಕಾ ಬೇಡ್ವಾ ಅಂದೆ."

"ಕುಡಿದಿದ್ನಾ?" ಕೇಳಿದ್ದು ಖೇತಿವೆ. ಸಿಟ್ಟಲ್ಲಿ ಅವಳ ದನಿ ಸೀಳಿಹೋಗಿತ್ತು.

"ಇಲ್ಲ."

"ಜೋರಾಗಿ ಹೇಳು!"

"ಇಲ್ಲ! ಕುಡಿದಿರಲಿಲ್ಲ! ಅವನು ಕುಡೀತಾನೇ ಇರಲಿಲ್ಲ!"

ಟೋಪಿ! ಒಂದು ಟೋಪಿಗೆ! ಫೇಲೊ ಅಣ್ಣ ಸ್ಟೇರಿಂಗ್ ಮೇಲೆ ತಲೆ ಇಟ್ಟು ಅತ್ತುಬಿಟ್ಟ. ಅವ್ವ ಅಳ್ಲಿಲ್ಲ. ಅಸಹ್ಯದ ವಸ್ತು ಕಂಡಂಗೆ ಮುಖ ಮಾಡಿ ಅಂದ್ಲು...

"ಸಾಕು ಮಗಾ. ಬಿಟ್ಬಿಡು. ನಮ್ಮ ಮನೆಗೆ ಅವನು ಬೇಡ."

ಟಕ್.

ತಾನೇ ಬಿಟ್ಕೊಳ್ತು. ಯಾರೂ ಮುಟ್ಲಿಲ್ಲ. ಮಲುಸಿ ಬಾಗಿಲಿಂದ ರಸ್ತೆಗೆ ಉರುಳಿಬಿದ್ದ. ಬೀಳೋವಾಗ ಕೊಂಬೆಯ ಕೊಕ್ಕೆಮುಳ್ಳು ಅವನ ಅಂಗಿಯ ತೋಳನ್ನ ಪರ್ರ್ ಅಂತ ಹರಿದು ಇಟ್ಕೊಳ್ತು. ಖೇತಿವೆ ಅವನ ಮುಖದ ಮೇಲೇ ಬಾಗಿಲು ಎಳೆದ್ಲು. ಘರ್ರ್... ಢಬ್.

"ಹೊರಡಣ್ಣ," ಅಂದ್ಲು.

"ಅವರು ಬರಲ್ವಾ?" ಅಂದ ಹಿಂದಿನ ಮುದುಕ.

"ಅವರ ಸ್ಟಾಪ್ ಬಂತು," ಅಂದ ಅಣ್ಣ.

ಆಮೇಲೆ ದಾರಿ ಪೂರ್ತಿ ಅವ್ವ ಹೇಳ್ತಾ ಬಂದ್ಲು. ದೊಡ್ಡ ಸೇತುವೆ, ಶಾಲೆ, ಅಂಗಡಿ, ಅತ್ತಿಮರ. ಒಂದು ಸಲನೂ 'ಹೂಂ' ಬರ್ಲಿಲ್ಲ. ಅಣ್ಣನಿಗೆ ಹೆದರಿಕೆ... ಇಳಿದುಬಿಟ್ನಾ? ಮಲುಸಿ ಜೊತೆ ಅಲ್ಲೇ ಉಳಿದುಬಿಟ್ನಾ? ಕೇಳೋಣ ಅಂದ್ರೆ ಅವ್ವ ಮಾತಾಡಂಗಿಲ್ಲ. ಮನೆ ಬಂತು. ದನದ ಕೊಟ್ಟಿಗೆ ಹತ್ರ ಗಂಡಸರೆಲ್ಲ ಎದ್ದು ನಿಂತಿದ್ರು. ಬಲಿಗೆ ಅಂತ ಕಟ್ಟಿದ್ದ ಮೇಕೆ ಒಂದೇ ಸಲ, ಉದ್ದಕ್ಕೆ, ಮ್ಯಾ... ಅಂತು. ಅವ್ವ ಕೊಂಬೆ ಒಳಗೆ ತಗೊಂಡು ಹೋಗಿ ಹಿರಿಯರ ಜಾಗವಾದ ಹಿಂಗೋಡೆ ಹತ್ರ ಇಟ್ಟು, "ಬಂದ್ವಿ" ಅಂದ್ಲು. ಹೊರಗೆ ಬಂದು, ಆವತ್ತು ಮೊದಲನೇ ಸಲ ಬೇರೆ ಮನುಷ್ಯನ ಹತ್ರ ಮಾತಾಡಿದ್ಲು. "ಫೇಲೊ, ಹೊಟ್ಟೆ ಹಸಿದಿರಬೇಕು. ಊಟ ಮಾಡು."

ಮಲುಸಿ ಈ ಕಡೆ ತಲೆ ಹಾಕಿಲ್ಲ. ಮ್ತಾತಾದಲ್ಲಿದ್ದಾನಂತೆ. ವ್ಯಾನು ಕೇಳೋಕೂ ಬಂದಿಲ್ಲ, ಧೈರ್ಯ ಇದ್ರೆ ಬರ್ಲಿ! ಅಣ್ಣನ ಅಂಗಳದಲ್ಲೇ ನಿಂತಿದೆ.

ಮಾರನೇ ಬೆಳಿಗ್ಗೆ ಅಣ್ಣ ತೊಳೆಯೋಕೆ ಅಂತ ವ್ಯಾನಿನ ಬಾಗಿಲು ತೆಗೆದ. ನೀರು ಗೀರು ಏನಿಲ್ಲ, ಒಣಗಿದೆ. ಆದ್ರೆ ಜೋಲಾನಿಯ ಸೀಟು ಹಿಂದಕ್ಕೆ ವಾಲಿತ್ತು. ಪೂರ್ತಿ. ಜನ ನಿದ್ದೆ ಮಾಡೋಕೆ ವಾಲಿಸ್ಕೊಳ್ತಾರಲ್ಲ, ಹಂಗೆ. ದಾರಿ ಪೂರ್ತಿ 'ಹೂಂ' ಯಾಕೆ ಬರ್ಲಿಲ್ಲ ಅಂತ ಅಣ್ಣನಿಗೆ ಆಗ ಗೊತ್ತಾಯ್ತು. ಆ ಸೀಟಿನ ಹಿಡಿಗೆ ತುಕ್ಕು ಹಿಡಿದು, ವ್ಯಾನು ತಂದ ದಿನದಿಂದ ಅದು ಒಂದು ಬೆರಳೂ ಅಲ್ಲಾಡಿದ್ದಿಲ್ಲ, ಮೆಕ್ಯಾನಿಕ್ ಸುತ್ತಿಗೇಲಿ ಹೊಡೆದು ಕೈಬಿಟ್ಟಿದ್ದ. ನಾನೂ ಎಳೆದು ನೋಡಿದೀನಿ, ಇವತ್ತಿಗೂ ಹಂಗೇ ಗಟ್ಟಿ. ಸೀಟು ಮಾತ್ರ ವಾಲ್ಕೊಂಡೇ ಇದೆ.

ನಂಬಲ್ವಾ? ಬೆಳಗಾಗ್ಲಿ, ಫೇಲೊ ಅಣ್ಣನ ಅಂಗಳಕ್ಕೆ ಹೋಗಿ ನೀವೇ ನೋಡಿ.